ಮಿನಿ ಜೆಸಿಬಿಗೆ ಯಾವ ಬಕೆಟ್ ಬೇಕು? ನಮ್ಮೂರಿನ ಫೋನ್ ಕರೆಗಳು ಹೇಳಿದ್ದು

ನಮ್ಮ ಸಾಗರದ ಕಡೆ ಮಣ್ಣು ತೋಡುವ ಹಳದಿ ಬಂಡಿ ಯಾವ ಕಂಪನಿಯದ್ದಾದರೂ ಅದರ ಹೆಸರು ಜೆಸಿಬಿಯೇ. ಅದು ಜೋಸೆಫ್ ಸಿರಿಲ್ ಬ್ಯಾಂಫೋರ್ಡ್ ಎಂಬ ಇಂಗ್ಲೆಂಡಿನ ಮನುಷ್ಯನ ಹೆಸರಿನ ಮೂರು ಅಕ್ಷರ. ಅವರು ಕಂಪನಿ ಶುರು ಮಾಡಿದ್ದು 1945ರಲ್ಲಿ. 1979ರಲ್ಲಿ ಹರಿಯಾಣದ ಬಲ್ಲಭಗಢದಲ್ಲಿ ಕಾರ್ಖಾನೆ ಬಂತು. ಈಗ ನಮ್ಮ ಊರಿನ ಮಕ್ಕಳಿಗೂ ಮುಂದೆ ಬಾಚುವ ಬಕೆಟ್, ಹಿಂದೆ ತೋಡುವ ಬಕೆಟ್ ಎಂದು ಬಿಡಿಸಿ ಹೇಳಲು ಬರುತ್ತದೆ.

ನನ್ನ ಅಣ್ಣ ಆರು ವರ್ಷ ಬೇರೆಯವರ ದೊಡ್ಡ ಜೆಸಿಬಿಯಲ್ಲಿ ಆಪರೇಟರ್ ಆಗಿದ್ದ. ಕಳೆದ ವರ್ಷ ಸ್ವಂತಕ್ಕೆ ಒಂದು ಸಣ್ಣದು, ಅಂದರೆ ಮಿನಿ ಜೆಸಿಬಿ, ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದು ಎಂದು ತೀರ್ಮಾನಿಸಿದ. ಸೊಸೈಟಿಯಲ್ಲಿ ಸಾಲ, ಅದು ಸಾಲದ್ದಕ್ಕೆ ಅಮ್ಮನ ಬಳೆ ಮತ್ತು ಸರ ಅಡವು. ಬಂಡಿ ಬೇಗ ಗೊತ್ತಾಯಿತು. ತಲೆನೋವು ಶುರುವಾಗಿದ್ದು ಆಮೇಲೆ. ಕೈಯಲ್ಲಿ ಉಳಿದಿದ್ದು ಒಂದೂಮುಕ್ಕಾಲು ಲಕ್ಷ. ಅದರಲ್ಲಿ ಅಟ್ಯಾಚ್‌ಮೆಂಟ್ ಏನು ತೆಗೆದುಕೊಳ್ಳಬೇಕು?

ಅಣ್ಣನ ಮನಸ್ಸು ಬ್ರೇಕರ್ ಮೇಲಿತ್ತು. ಕಲ್ಲು ಒಡೆಯುವ ಕೆಲಸಕ್ಕೆ ಗಂಟೆ ಬಾಡಿಗೆ ಜಾಸ್ತಿ ಸಿಗುತ್ತದೆ ಎನ್ನುವುದು ಅವನ ವಾದ. ಬಂಡಿ ಮಾರಿದವರು ಗುಂಡಿ ಕೊರೆಯುವ ಡ್ರಿಲ್ ತೆಗೆದುಕೊಳ್ಳಿ ಎಂದರು. ಅವನ ಸ್ನೇಹಿತನೊಬ್ಬ ಮುಂದಿನ ಬಕೆಟ್ಟನ್ನೇ ಬದಲಾಯಿಸಿ ಬಾಯಿ ತೆರೆದು ಮುಚ್ಚುವಂಥದ್ದು ಹಾಕಿಸು ಎಂದ. ಎಲ್ಲವೂ ಒಳ್ಳೆಯವೇ. ಆದರೆ ಸಾಲದ ಕಂತು ತಿಂಗಳು ತಿಂಗಳು ಬರುತ್ತದೆ. ಅಟ್ಯಾಚ್‌ಮೆಂಟ್ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಾ ಕೂತರೂ ಕಂತು ನಿಲ್ಲುವುದಿಲ್ಲ.

ಪತ್ರಿಕೋದ್ಯಮ ಓದುವಾಗ ನಮಗೆ ಕಲಿಸಿದ್ದು ಒಂದೇ ಮಾತು: ಬರೆಯುವ ಮೊದಲು ಕೇಳು. ನಾನು ಅಣ್ಣನ ಫೋನ್ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಒಂದು ತಿಂಗಳು ಯಾರು ಯಾವ ಕೆಲಸಕ್ಕೆ ಬಂಡಿ ಕೇಳಿದರೂ ಅದರಲ್ಲಿ ಬರೆಯಬೇಕು. ಅಣ್ಣ ನಕ್ಕ. "ನಂಗೆ ಗೊತ್ತಿಲ್ದೇ ಇರೋದು ಫೋನಿಗೆ ಗೊತ್ತಿರುತ್ತಾ?" ಎಂದ. ಆದರೂ ಬರೆದ.

ತಿಂಗಳ ಕೊನೆಗೆ 43 ಕರೆ. ತೋಟದ ಕಾದಿಗೆ, ಅಂದರೆ ಬಸಿಗಾಲುವೆ, ತೆಗೆಯಲು ಅಥವಾ ಹೂಳು ಎತ್ತಲು 17. ನೀರಿನ ಪೈಪಿನ ಲೈನ್ ತೋಡಲು 9. ಮನೆ ಕಟ್ಟುವ ಜಾಗ ಸಮ ಮಾಡಲು 6. ಸಸಿ ಗುಂಡಿಗೆ 4. ಬಂಡೆ ಒಡೆಯಲು 3. ಮರದ ಬುಡ ಕೀಳಲು 2. ಇನ್ನೆರಡು ಕರೆ ಬಕೆಟ್ಟಿನಲ್ಲಿ ಮನುಷ್ಯರನ್ನು ನಿಲ್ಲಿಸಿ ಮೇಲೆತ್ತಲು. ಆ ಎರಡರ ಬಗ್ಗೆ ಕೊನೆಗೆ ಹೇಳುತ್ತೇನೆ.

ಬಾಡಿಗೆ ಜಾಸ್ತಿ ಇರುವ ಕೆಲಸ ಮೂರೇ ಮೂರು. ಒಂದು ಲೆಕ್ಕ ಮಾಡಿ ನೋಡಿ. ಬ್ರೇಕರ್ ಬೆಲೆ ಎರಡು ಲಕ್ಷ, ಅದು ಹಾಕಿದ್ದಕ್ಕೆ ಗಂಟೆಗೆ 500 ರೂಪಾಯಿ ಹೆಚ್ಚು ಸಿಗುತ್ತದೆ ಎಂದು ಇಟ್ಟುಕೊಳ್ಳಿ. ಹಾಕಿದ ಹಣ ವಾಪಸು ಬರಲು 400 ಗಂಟೆ ಕೆಲಸ ಬೇಕು. ತಿಂಗಳಿಗೆ ಹತ್ತು ಗಂಟೆ ಸಿಕ್ಕಿದರೆ 40 ತಿಂಗಳು. ಉಳಿ ಸವೆಯುವುದು, ಸೀಲ್ ಹೋಗುವುದು ಈ ಲೆಕ್ಕದಲ್ಲಿಲ್ಲ. ನಿಮ್ಮ ಊರಿನ ಬೆಲೆ, ಬಾಡಿಗೆ ಹಾಕಿ ನೀವೇ ಮಾಡಿ ನೋಡಿ. ದಾರಿ ಇದೇ.

ನಮ್ಮ ಮಣ್ಣಿನ ವಿಷಯವೂ ಇದೆ. ಮಲೆನಾಡಿನಲ್ಲಿ ಅಗೆದರೆ ಹೆಚ್ಚಾಗಿ ಸಿಗುವುದು ಜಂಬಿಟ್ಟಿಗೆ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್. ಮೈಸೂರು, ಕೆನರಾ, ಮಲಬಾರ್ ಸುತ್ತಿ ಅವನು ಬರೆದ ಪುಸ್ತಕ 1807ರಲ್ಲಿ ಅಚ್ಚಾಯಿತು. ನೆಲದೊಳಗೆ ತೇವದಲ್ಲಿರುವಾಗ ಇದು ಮೆತ್ತಗೆ, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ಹಾಗಾಗಿ ಒಳಗಿನ ಜಂಬಿಟ್ಟಿಗೆಗೆ ಹಲವು ಕಡೆ ಬ್ರೇಕರ್ ಬೇಕಿಲ್ಲ, ಒಂಟಿ ಕೊಕ್ಕೆಯಂಥ ರಿಪ್ಪರ್ ಹಲ್ಲು ಸಾಕು. ಬಕೆಟ್ ಬಿಚ್ಚಿ ಅದನ್ನು ಹಾಕಿ ಸೀಳಿದರೆ ಹೆಂಟೆ ಹೆಂಟೆಯಾಗಿ ಏಳುತ್ತದೆ. ಅದಕ್ಕೆ ಎಣ್ಣೆ ಪೈಪು, ಸೀಲ್ ಏನೂ ಇಲ್ಲ, ಬೆಲೆಯೂ ಬ್ರೇಕರಿನ ಹತ್ತಿರಕ್ಕೆ ಬರುವುದಿಲ್ಲ. ಕರಿಕಲ್ಲು ಸಿಕ್ಕಿದರೆ ಮಾತ್ರ ಬ್ರೇಕರ್.

ಇನ್ನು ಹದಿನೇಳು ಕರೆ ಬಂದ ಕಾದಿಗೆ ಕೆಲಸ. ಅಡಿಕೆಗೆ ಶಿಫಾರಸು ಮಾಡುವ ಅಂತರ 2.7 ಮೀಟರ್, ನಮ್ಮ ಲೆಕ್ಕದಲ್ಲಿ ಒಂಬತ್ತು ಅಡಿ. ದೊಡ್ಡ ಜೆಸಿಬಿ ಏಳು ಅಡಿಗೂ ಮೀರಿ ಅಗಲ. ಅದು ಸಾಲಿನೊಳಗೆ ನುಗ್ಗಿದರೆ ಎರಡೂ ಕಡೆ ಮರ ಉಜ್ಜುತ್ತದೆ. ಅಣ್ಣ ಸಣ್ಣ ಬಂಡಿ ಆರಿಸಿದ್ದೇ ಇದಕ್ಕೆ. ಆದರೆ ಸಣ್ಣ ಬಂಡಿಗೆ ಅಗಲ ಬಕೆಟ್ ಹಾಕಿದರೆ ಪ್ರಯೋಜನ ಅರ್ಧ ಹೋಯಿತು. ಅಡಿಕೆ ಮರದ ಹೆಚ್ಚಿನ ಬೇರು ಬುಡದಿಂದ ಒಂದು ಮೀಟರಿನ ಒಳಗೇ ಇರುತ್ತದೆ. ಎರಡು ಸಾಲಿನ ನಡುವೆ ಸರಿಯಾಗಿ ಮಧ್ಯಕ್ಕೆ 60 ಸೆಂಟಿಮೀಟರ್ ಅಗಲದ ಕಾದಿಗೆ ತೆಗೆದರೆ ಎರಡೂ ಕಡೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. 90 ಸೆಂಟಿಮೀಟರ್ ತೆಗೆದರೆ ಉಳಿಯುವುದು 90 ಮಾತ್ರ, ಬೇರು ಕಡಿಯಿತು ಎಂದೇ ಅರ್ಥ.

ಪೈಪ್ ಲೈನಿಗೂ ಇದೇ ಮಾತು. ಜಲಜೀವನ್ ಮಿಷನ್ 2019ರಲ್ಲಿ ಬಂದ ಮೇಲೆ ಹಳ್ಳಿಗಳಲ್ಲಿ ಪೈಪ್ ಹೂಳುವ ಕೆಲಸ ಹೆಚ್ಚಿದೆ. ತೋಟದ ಡ್ರಿಪ್, ಕೊಳವೆಬಾವಿಯ ಲೈನ್ ಬೇರೆ. ನೂರು ಮೀಟರ್ ಉದ್ದ, ಒಂದು ಮೀಟರ್ ಆಳದ ಚರಂಡಿಯನ್ನು ಒಂದಡಿ ಬಕೆಟ್ಟಿನಲ್ಲಿ, ಅಂದರೆ 30 ಸೆಂಟಿಮೀಟರ್ ಅಗಲಕ್ಕೆ, ತೋಡಿದರೆ ಏಳುವ ಮಣ್ಣು 30 ಘನ ಮೀಟರ್. ಎರಡಡಿ ಬಕೆಟ್ಟಾದರೆ 60. ಹಸಿ ಮಣ್ಣು ಘನ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ. ಅಂದರೆ 54 ಟನ್ ಎತ್ತಿ ಮುಗಿಯುವ ಕಡೆ 108 ಟನ್ ಎತ್ತಬೇಕು, ಮತ್ತೆ ಅಷ್ಟನ್ನೂ ಮುಚ್ಚಬೇಕು. ಡೀಸೆಲ್ ಸುಡುವುದು ನಿಮ್ಮದೇ ಟ್ಯಾಂಕಿನಿಂದ. ಬಕೆಟ್ ದೊಡ್ಡದಾದಷ್ಟೂ ಕೆಲಸ ಬೇಗ ಎನ್ನುವುದು ಮಣ್ಣು ತುಂಬಿ ಸಾಗಿಸುವಾಗ ಸರಿ. ಚರಂಡಿ ತೋಡುವಾಗ ತಪ್ಪು.

ನೋಟ್‌ಬುಕ್ಕಿನಲ್ಲಿ ಬರೆಯದ ಒಂದು ವಿಷಯವಿತ್ತು. ನಮ್ಮ ಪಕ್ಕದ ಕೇರಿಯಲ್ಲಿ ಕಾದಿಗೆ ತೆಗೆಯುವುದನ್ನೇ ಜೀವನ ಮಾಡಿಕೊಂಡ ಹಿರಿಯರೊಬ್ಬರಿದ್ದಾರೆ. ನಾವು ದೊಡ್ಡಪ್ಪ ಎಂದು ಕರೆಯುತ್ತೇವೆ. ಹಾರೆ, ಗುದ್ದಲಿ ಹಿಡಿದು ನಮ್ಮ ತೋಟದ ಕಾದಿಗೆಯನ್ನೂ ವರ್ಷ ವರ್ಷ ಅವರೇ ಬಿಡಿಸಿದ್ದು. ಮಗನ ಬಂಡಿ ಬಂದರೆ ಅವರ ಕೂಲಿ ಹೋಗುತ್ತದೆ ಎಂದು ಅಮ್ಮನಿಗೆ ಸಂಕಟ. ಅಣ್ಣನೂ ನಾನೂ ಅವರ ಮನೆಗೆ ಹೋಗಿ ವಿಷಯ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಈಗ ಸೊಂಟ ಬಗ್ಗೂದಿಲ್ಲ ಮಾರಾಯ. ಬಂಡಿ ತೋಡ್ಲಿ. ಆದ್ರೆ ನೀರು ಯಾವ ಕಡೆ ಹೋಗ್ಬೇಕು ಅಂತ ಬಂಡಿಗೆ ಗೊತ್ತಾ?" ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಎರಡನೇ ಬಕೆಟ್ ಗೊತ್ತಾಯಿತು. ಹಲ್ಲಿರುವ ಬಕೆಟ್ ತೋಡಿದರೆ ತಳ ಗೀರು ಗೀರಾಗಿ, ಏರು ತಗ್ಗಾಗಿ ಉಳಿಯುತ್ತದೆ. ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅಡಿಕೆ ಬೇರಿಗೆ ನಿಂತ ನೀರು ಆಗಿಬರುವುದಿಲ್ಲ. ಹೂಳು ಎತ್ತಲು, ತಳ ಸಮ ಮಾಡಲು ಹಲ್ಲಿಲ್ಲದ, ನೇರ ಅಂಚಿನ ಬಕೆಟ್ ಬೇಕು. ಅದು ಹಳೆ ಕಾದಿಗೆಯ ಮಣ್ಣನ್ನು ಕೆರೆದು ತರುತ್ತದೆ, ಬದಿಯನ್ನು ಕಿತ್ತು ತರುವುದಿಲ್ಲ.

ಹೀಗೆ ತೀರ್ಮಾನ ಆಯಿತು: ಒಂದಡಿಯ ಹಲ್ಲಿನ ಬಕೆಟ್ ಒಂದು, ಎರಡಡಿಯ ಹಲ್ಲಿಲ್ಲದ ಬಕೆಟ್ ಒಂದು, ರಿಪ್ಪರ್ ಹಲ್ಲು ಒಂದು. ಬ್ರೇಕರ್ ಕೆಲಸ ಬಂದರೆ ಪೇಟೆಯಲ್ಲಿ ಬ್ರೇಕರ್ ಇರುವವರಿಗೆ ಕರೆ ದಾಟಿಸುವುದು. ಅವರೂ ತೋಟದೊಳಗಿನ ಕೆಲಸವನ್ನು ಅಣ್ಣನಿಗೆ ದಾಟಿಸುತ್ತಾರೆ. ಉಳಿದ ಹಣವನ್ನು ಅಣ್ಣ ಮುಟ್ಟದೆ ಇಟ್ಟ, ಟಯರಿಗೂ ಮಳೆಗಾಲದ ಕಂತಿಗೂ.

ಆರಿಸುವುದು ಆದ ಮೇಲೆ ಕೊಳ್ಳುವಾಗ ನೋಡಬೇಕಾದ್ದನ್ನು ಅಣ್ಣ ನನಗೆ ಬರೆಸಿದ. ಬಕೆಟ್ ಕೊಳ್ಳುವ ಮೊದಲು ಬಂಡಿಯ ಕೈ ತುದಿಯಲ್ಲಿ ಮೂರು ಅಳತೆ ತೆಗೆಯಬೇಕು. ಪಿನ್ನಿನ ದಪ್ಪ, ಎರಡು ಪಿನ್ನುಗಳ ನಡುವಿನ ದೂರ, ಬಕೆಟ್ಟಿನ ಎರಡು ಕಿವಿಗಳ ನಡುವೆ ಕೈ ಕೂರುವ ಅಗಲ. ಟೇಪ್ ಸಾಲದು, ಪಿನ್ನಿಗೆ ವರ್ನಿಯರ್ ಹಿಡಿಯಬೇಕು. ಸವೆದ ಪಿನ್ನಿನ ಅಳತೆ ಕೊಟ್ಟು ಬಕೆಟ್ ಮಾಡಿಸಿದರೆ ಹೊಸ ಪಿನ್ನು ಹಾಕಿದ ದಿನ ಅದು ಕೂರುವುದಿಲ್ಲ. ಪಿನ್ನು ಬಡಿಯದೆ ಬೇಗ ಬದಲಾಯಿಸುವ ಕಪ್ಲರ್ ಕೂಡ ಸಿಗುತ್ತದೆ. ದಿನಕ್ಕೆ ನಾಲ್ಕು ಸಲ ಬದಲಾಯಿಸುವವರಿಗೆ ಅದು ಒಳ್ಳೆಯದು. ಆದರೆ ಅದರ ತೂಕ ಕೈ ತುದಿಗೆ ಬೀಳುತ್ತದೆ, ಬಕೆಟ್ಟಿನ ಹಲ್ಲು ಪಿನ್ನಿನಿಂದ ದೂರವಾಗಿ ತೋಡುವ ಬಲವೂ ಸ್ವಲ್ಪ ಕಡಿಮೆಯಾಗುತ್ತದೆ. ಸಣ್ಣ ಬಂಡಿಗೆ ಇದು ಗೊತ್ತಾಗುವಷ್ಟು ಇರುತ್ತದೆ.

ಬ್ರೇಕರ್ ಅಥವಾ ಡ್ರಿಲ್ ಬೇಕೇ ಬೇಕು ಎನ್ನುವವರು ಮೊದಲು ಬಂಡಿಯಲ್ಲಿ ಅದಕ್ಕೆ ಬೇರೆ ಎಣ್ಣೆ ಲೈನ್ ಇದೆಯೇ ನೋಡಿ. ಹಳೆ ಬಂಡಿಗಳಲ್ಲಿ ಇಲ್ಲದಿರಬಹುದು. ಬ್ರೇಕರಿಗೆ ಎಣ್ಣೆ ಒಂದೇ ದಿಕ್ಕಿನಲ್ಲಿ ಹೋಗಿ, ಅಡ್ಡಿಯಿಲ್ಲದೆ ಟ್ಯಾಂಕಿಗೆ ವಾಪಸು ಬರಬೇಕು. ಡ್ರಿಲ್ ಹಿಂದಕ್ಕೂ ತಿರುಗಬೇಕಾದ್ದರಿಂದ ಅದಕ್ಕೆ ಎರಡೂ ದಿಕ್ಕಿನ ಲೈನ್ ಬೇಕು. ನಿಮಿಷಕ್ಕೆ ಎಷ್ಟು ಲೀಟರ್ ಎಣ್ಣೆ, ಎಷ್ಟು ಬಾರ್ ಒತ್ತಡ ಎಂದು ಅಟ್ಯಾಚ್‌ಮೆಂಟಿನ ವಿವರದಲ್ಲಿ ಇರುತ್ತದೆ. ಅದು ನಿಮ್ಮ ಬಂಡಿ ಕೊಡುವುದಕ್ಕೆ ಹೊಂದಬೇಕು. ದೊಡ್ಡ ಬ್ರೇಕರನ್ನು ಸಣ್ಣ ಬಂಡಿಗೆ ಕಟ್ಟಿದರೆ ಹೊಡೆತ ಕಲ್ಲಿಗಿಂತ ಬಂಡಿಯ ಕೈಗೇ ಜಾಸ್ತಿ.

ಬ್ರೇಕರ್ ಇರುವವರಿಗೆ ಇನ್ನೂ ಎರಡು ಮಾತು. ಕಲ್ಲಿಗೆ ನೇರವಾಗಿ ಒತ್ತಿ ಹೊಡೆಯಿರಿ, ಅರ್ಧ ನಿಮಿಷದಲ್ಲಿ ಒಡೆಯದಿದ್ದರೆ ಜಾಗ ಬದಲಿಸಿ. ಉಳಿಯನ್ನು ಹಾರೆಯಂತೆ ಮೀಟಲು ಬಳಸಬೇಡಿ.

ಡ್ರಿಲ್ ಬಗ್ಗೆ: ಬೇಲಿ ಕಂಬ ಜಾಸ್ತಿ ನೆಡುವ ಊರಿಗೆ ಅದು ಚಿನ್ನ. ಅಡಿಕೆಗೆ ಶಿಫಾರಸಿನ ಗುಂಡಿ 90 ಸೆಂಟಿಮೀಟರ್ ಉದ್ದ, ಅಗಲ, ಆಳ. ಅಷ್ಟು ದೊಡ್ಡದನ್ನು ಬಕೆಟ್ಟೇ ತೋಡುತ್ತದೆ. ಜಿಗುಟು ಮಣ್ಣಿನಲ್ಲಿ ಡ್ರಿಲ್ ಕೊರೆದ ಗುಂಡಿಯ ಗೋಡೆ ಗಾರೆ ಬಳಿದಂತೆ ನುಣ್ಣಗಾಗುತ್ತದೆ, ಸಸಿ ಬೇರು ದಾಟಲು ಕಷ್ಟ. ನೆಡುವ ಮೊದಲು ಗುದ್ದಲಿಯಲ್ಲಿ ಗೋಡೆ ಕೆರೆಯಬೇಕು.

ಎಣ್ಣೆ ಪೈಪು ಸೋರುತ್ತಿದೆ ಎನಿಸಿದರೆ ಕೈಯಿಂದ ಸವರಿ ನೋಡಬೇಡಿ. ಸೂಜಿಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ನೋವು ಕಡಿಮೆ ಇದ್ದರೂ ಬೆರಳು ಕಳೆದುಕೊಳ್ಳುವಷ್ಟು ಕೆಟ್ಟದ್ದು ಅದು, ಕೂಡಲೇ ಆಸ್ಪತ್ರೆಗೆ ಓಡಬೇಕು. ಸೋರಿಕೆ ನೋಡಲು ರಟ್ಟಿನ ತುಂಡು ಹಿಡಿಯಿರಿ.

ಆ ಎರಡು ಕರೆಗಳ ವಿಷಯ. ಒಬ್ಬರು ಬಕೆಟ್ಟಿನಲ್ಲಿ ನಿಂತು ಮನೆ ಮೇಲಿನ ಕೊಂಬೆ ಕಡಿಯಬೇಕೆಂದರು, ಇನ್ನೊಬ್ಬರು ತೆಂಗಿನಕಾಯಿ ಕೊಯ್ಯಬೇಕೆಂದರು. ಅಣ್ಣ ಎರಡಕ್ಕೂ ಆಗುವುದಿಲ್ಲ ಎಂದ. ಬಕೆಟ್ಟಿಗೆ ಕಟಕಟೆ ಇಲ್ಲ, ಬೀಳದಂತೆ ಹಿಡಿಯುವ ಬೆಲ್ಟ್ ಇಲ್ಲ. ಲಿವರ್ ಸ್ವಲ್ಪ ಅಲುಗಿದರೆ ಮೇಲಿದ್ದವರು ನೆಲಕ್ಕೆ, ಪಕ್ಕದಲ್ಲಿ ಕರೆಂಟಿನ ತಂತಿ ಬೇರೆ. ಪರಿಚಯದವರೇ ಆದ್ದರಿಂದ ಒಬ್ಬರಿಗೆ ಬೇಸರವಾಯಿತು. "ಅವ್ರು ಮಾತು ಬಿಟ್ರೂ ಪರ್ವಾಗಿಲ್ಲ, ಕೈಕಾಲು ಮುರ್ಕೊಳ್ಳೋದು ಬೇಡ" ಎಂದು ಅಮ್ಮ ಅಣ್ಣನ ಪರ ನಿಂತರು.

ಈಗ ಬಂಡಿ ಬಂದು ಎಂಟು ತಿಂಗಳು. ಹೆಚ್ಚು ದಿನ ಬಂಡಿಗೆ ಹಾಕಿರುವುದು ಒಂದಡಿ ಬಕೆಟ್ಟೇ, ಅದರ ಹಲ್ಲು ಆಗಲೇ ಒಂದು ಜೊತೆ ಸವೆದಿದೆ. ಕಾದಿಗೆ ಕೆಲಸವಿದ್ದ ದಿನ ಅಣ್ಣ ದೊಡ್ಡಪ್ಪನನ್ನು ಬಂಡಿಯಲ್ಲಿ ಜೊತೆಗೆ ಕೂರಿಸಿಕೊಳ್ಳುವುದಿಲ್ಲ, ಅಲ್ಲಿ ಒಬ್ಬರಿಗೇ ಸೀಟು. ಬೈಕಿನಲ್ಲಿ ಮೊದಲೇ ಬಿಟ್ಟು ಬರುತ್ತಾನೆ. ಅವರು ದಾರ ಹಿಡಿದು ಇಳಿಜಾರು ಗುರುತು ಮಾಡುತ್ತಾರೆ. ತೋಡಿದ ಮೇಲೆ ಒಂದು ಕೊಡ ನೀರು ಸುರಿದು ನೋಡಿ, ಮೂಲೆಯನ್ನು ಗುದ್ದಲಿಯಲ್ಲಿ ತಿದ್ದುತ್ತಾರೆ. ಅವರ ದಿನಗೂಲಿಯನ್ನು ಅಣ್ಣ ಬಾಡಿಗೆಯೊಳಗೇ ಸೇರಿಸಿ ಹೇಳುತ್ತಾನೆ. ತೋಟದವರು ಚೌಕಾಸಿ ಮಾಡಿದರೂ ಆ ಭಾಗ ಬಿಡುವುದಿಲ್ಲ. ಅಮ್ಮನ ಬಳೆ ಬಿಡಿಸಿಯಾಯಿತು. ಸರ ಇನ್ನೂ ಸೊಸೈಟಿಯಲ್ಲಿದೆ.

ನಮ್ಮ ಪಟ್ಟಿಯನ್ನೇ ನೀವೂ ಕೊಳ್ಳಬೇಕೆಂದಿಲ್ಲ. ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ಒಂದಡಿಯ ಆಳದ ಬಕೆಟ್ಟಿಗೆ ಮಣ್ಣು ಅಂಟಿಕೊಂಡು ಉದುರುವುದೇ ಇಲ್ಲ. ಅಲ್ಲಿ ಕೃಷಿ ಹೊಂಡ, ಬದು ಕೆಲಸಕ್ಕೆ ಅಗಲವಾದ, ಆಳ ಕಡಿಮೆಯ ಬಕೆಟ್ ಒಳ್ಳೆಯದು. ಕೋಲಾರದಂಥ ಕಲ್ಲು ನಾಡಿನಲ್ಲಿ ಬ್ರೇಕರಿಗೆ ದಿನವೂ ಕೆಲಸ ಸಿಗಬಹುದು. ಮುಂಗಡ ಕೊಡುವ ಮೊದಲು ಒಂದು ತಿಂಗಳು ಮಾತ್ರ ನಿಮ್ಮ ಊರಿನವರು ಏನು ಕೆಲಸ ಕೇಳುತ್ತಾರೆ ಎಂದು ಬರೆದಿಡಿ. ನೋಟ್‌ಬುಕ್ಕಿಗೆ ಇಪ್ಪತ್ತು ರೂಪಾಯಿ.