ತಲೆಯ ಲೆಕ್ಕ

ಕನ್ನಡ ಎಂ.ಎ. ಮಾಡಿದವನಿಗೆ ಇಂಗ್ಲಿಷ್ ನಿಘಂಟಿನ ಗೀಳೇಕೆಂದು ನನ್ನ ಶ್ರೀಮತಿ ಆಗಾಗ ಕೇಳುವುದುಂಟು. 2024ರ ಲೋಕಸಭಾ ಚುನಾವಣೆಯಲ್ಲಿ ಮತಗಟ್ಟೆಯೊಂದರ ಅಧ್ಯಕ್ಷಾಧಿಕಾರಿಯಾಗಿ ಹೊರಟಾಗ, ಹೊದಿಕೆಯ ಜೊತೆಗೆ ಆ ದಪ್ಪ ಗ್ರಂಥವನ್ನೂ ಚೀಲಕ್ಕೆ ತುರುಕುತ್ತಿದ್ದುದನ್ನು ಕಂಡು ಆಕೆ ತಲೆ ಚಚ್ಚಿಕೊಂಡಳು.

ತಲೆಯೇ ಆ ರಾತ್ರಿಯ ವಿಷಯವೂ ಆಯಿತೆನ್ನಿ. ಹಳ್ಳಿಯ ಶಾಲೆಯ ಬೆಂಚಿನ ಮೇಲೆ, ಸೊಳ್ಳೆಗಳ ಸಂಗೀತದ ನಡುವೆ, 'ಪೋಲ್' ಎಂಬ ಪದವನ್ನು ತೆರೆದು ನೋಡಿದೆ. ಅದರ ಮೂಲಾರ್ಥ ಮತದಾನವಲ್ಲ, ತಲೆ! ತಲೆಗಳನ್ನು ಎಣಿಸುವ ಕ್ರಿಯೆಯಿಂದ ಮತದಾನಕ್ಕೆ ಆ ಹೆಸರು ಬಂದಿತು. ಕೊಂಬಿಲ್ಲದ ದನ 'ಪೋಲ್ಡ್', ನೆತ್ತಿ ಕಡಿದ ಮರ 'ಪೊಲಾರ್ಡ್'. ನಮ್ಮ ಗೊದಮೊಟ್ಟೆ ಅವರಿಗೆ 'ಟ್ಯಾಡ್‌ಪೋಲ್', ಬರಿಯ ತಲೆಯಾಗಿಯೇ ತೋರುವ ಮರಿಗಪ್ಪೆ. 'ಪೋಲ್ ಟ್ಯಾಕ್ಸ್' ಎಂಬುದು ತಲೆಗಂದಾಯ. ಅದನ್ನು ತಾಳಲಾರದೆ 1381ರಲ್ಲಿ ಇಂಗ್ಲೆಂಡಿನ ರೈತರು ದಂಗೆಯೆದ್ದು ಲಂಡನ್ನಿಗೆ ನುಗ್ಗಿದರು. ಥ್ಯಾಚರ್ ಸರ್ಕಾರ ಅದೇ ಬಗೆಯ ತೆರಿಗೆಯನ್ನು ತಂದಾಗ, 1990ರಲ್ಲಿ, ಅದೇ ನಗರದಲ್ಲಿ ಮತ್ತೆ ಗಲಭೆ. ಸಿರಿವಂತನಿಗೂ ಬಡವನಿಗೂ ತಲೆ ಒಂದೇ ಎಂಬ ಲೆಕ್ಕ ಕಂದಾಯದಲ್ಲಿ ಅನ್ಯಾಯ. ಚುನಾವಣೆಯಲ್ಲಿ ಅದೇ ನ್ಯಾಯ. ನಮ್ಮ 'ಮತ'ವಾದರೋ ತಲೆಯನ್ನು ಬಿಟ್ಟು ಅದರೊಳಗಿನದನ್ನು ಹೇಳುತ್ತದೆ. ಅಭಿಪ್ರಾಯವೂ ಮತ, ಧರ್ಮವೂ ಮತ. ನಮ್ಮ ಪದವೇ ಮೇಲೆಂದು ಬೀಗುತ್ತಾ ಮಲಗಿದೆ. ಕನ್ನಡ ಮೇಷ್ಟರಿಗೆ ಅಷ್ಟು ಸ್ವಾತಂತ್ರ್ಯ ಉಂಟಷ್ಟೆ!

ಬೆಳಗ್ಗೆ ಏಜೆಂಟರ ಎದುರಿಗೆ ಅಣಕು ಮತದಾನ ನಡೆಸಿ, ಆ ಮತಗಳನ್ನು ಯಂತ್ರದಿಂದ ಅಳಿಸಿ, ಏಳು ಗಂಟೆಗೆ ಮತದಾನ ಆರಂಭಿಸಿದೆವು. ಹನ್ನೊಂದರ ಸುಮಾರಿಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗನ ಹೆಗಲು ಹಿಡಿದು ಬಂದರು. ಗುರುತಿನ ಚೀಟಿ ಸೆರಗಿನ ಗಂಟಿನಲ್ಲಿತ್ತು. ಪಟ್ಟಿಯಲ್ಲಿ ಹೆಸರಿರಲಿಲ್ಲ. ಮೂರು ಸಲ ಹುಡುಕಿದೆವು. ಅದೇ ಹೆಸರಿನ ಓರಗಿತ್ತಿ ಹಿಂದಿನ ವರ್ಷ ತೀರಿಕೊಂಡಾಗ ಇವರ ಹೆಸರನ್ನೂ ಹೊಡೆದುಹಾಕಿರಬೇಕೆಂದು ಮೊಮ್ಮಗ ಹೇಳಿದ.

"ನಾನು ಸತ್ತಿಲ್ವಲ್ಲಪ್ಪಾ, ತಲೆ ನೆಟ್ಟಗೆ ಐತೆ, ನೋಡು" ಎಂದು ಅಜ್ಜಿ ಸೆರಗು ಸರಿಸಿದರು.

1951-52ರ ಮೊದಲ ಮಹಾಚುನಾವಣೆಯಲ್ಲಿ, ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ ಕಾರಣ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಈ ಅಜ್ಜಿಯಾದರೋ ತಮ್ಮ ಹೆಸರನ್ನು ಸ್ಪಷ್ಟವಾಗಿ, ಎರಡೆರಡು ಸಲ ಹೇಳುತ್ತಿದ್ದರು. ಆದರೆ ಪಟ್ಟಿಯಲ್ಲಿಲ್ಲದವರಿಗೆ ಮತವಿಲ್ಲ, ಅದು ನಿಯಮ. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಹೊಸದಾಗಿ ಅರ್ಜಿ ಹಾಕಿದರೆ ಮುಂದಿನ ಚುನಾವಣೆಗೆ ಹೆಸರು ಸೇರುವುದೆಂದೆ.

"ಮುಂದಿನದಕ್ಕಾ?" ಎಂದು ಅಜ್ಜಿ ಬಾಯ್ತುಂಬ ನಕ್ಕರು. ಮೊಮ್ಮಗ ನಗಲಿಲ್ಲ.

ಸಂಜೆ ದಾಖಲೆ ಪುಸ್ತಕದ ಸಂಖ್ಯೆಯೂ ಯಂತ್ರದ ಸಂಖ್ಯೆಯೂ ಸರಿಹೊಂದಿದವು. ಒಂದೂ ಹೆಚ್ಚುಕಡಿಮೆಯಿಲ್ಲವೆಂದು ಸಹೋದ್ಯೋಗಿಗಳು ಹಿಗ್ಗಿದರು. ಲೆಕ್ಕದ ಹಾಳೆಗೆ ನಾನು ಸಹಿ ಹಾಕಿದೆ.

ಮನೆಗೆ ಬಂದಾಗ ನಡುರಾತ್ರಿ ಕಳೆದಿತ್ತು. ನಿಘಂಟು ಉಪಯೋಗಕ್ಕೆ ಬಂತೇ ಎಂದು ಶ್ರೀಮತಿ ಕೇಳಿದಳು. ಅದನ್ನು ಕಪಾಟಿನಲ್ಲಿಟ್ಟು, ಊಟಕ್ಕೆ ಬಡಿಸೆಂದೆ.