ಶನಿಯ ಊರಿನಲ್ಲಿ ಸೂರ್ಯನ ಬೇಸಾಯ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಿಂದಿಕ್ಕಿ ಉತ್ತರಕ್ಕೆ ನಡೆದಂತೆಲ್ಲ ಹಸುರು ವಿರಳವಾಗಿ, ಬಂಡೆಯೂ ಬಯಲೂ ಎದುರಾಗುತ್ತವೆ. ಪಾವಗಡಕ್ಕೆ ಯಾತ್ರಿಕರು ಬರುವುದು ಶನಿಮಹಾತ್ಮನ ದರ್ಶನಕ್ಕೆ. ನಾವೂ ಎಳ್ಳೆಣ್ಣೆಯ ದೀಪ ಹಚ್ಚಿ ಕೈಮುಗಿದೆವು. ಆದರೆ ನಾವು ಹೊರಟಿದ್ದುದು ಅವನ ತಂದೆಯ ಕ್ಷೇತ್ರಕ್ಕೆ. ಪುರಾಣದಲ್ಲಿ ಈ ತಂದೆಮಕ್ಕಳಿಗೆ ಅಷ್ಟಕ್ಕಷ್ಟೇ ಎಂಬುದನ್ನು ವಾಚಕರು ಬಲ್ಲರು.

ತಿರುಮಣಿಯ ಬಳಿ ಇಳಿದಾಗ ದೂರದಲ್ಲಿ ಕೆರೆಯೊಂದು ತುಂಬಿ ನಿಂತಂತೆ ಕಂಡಿತು. ಈ ಬರದ ಸೀಮೆಯಲ್ಲಿ ಇಷ್ಟು ನೀರೆಲ್ಲಿಯದೆಂದು ಸಮೀಪಿಸಿದರೆ, ಅದು ನೀರಲ್ಲ; ಆಕಾಶಕ್ಕೆ ಮುಖವೊಡ್ಡಿ ಸಾಲುಗಟ್ಟಿದ ನೀಲಿಗಪ್ಪು ಫಲಕಗಳು! ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ 5 ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಇವು ಹಬ್ಬಿವೆ. 2019ರ ಕೊನೆಗೆ ಇಲ್ಲಿಯ ಸಾಮರ್ಥ್ಯವು 2,050 ಮೆಗಾವಾಟ್ ಮುಟ್ಟಿತು.

ಈ ಹೊಲಕ್ಕೂ ಪ್ಯಾರಿಸ್ ನಗರಕ್ಕೂ ನಂಟುಂಟು. 2015ರ ಡಿಸೆಂಬರಿನಲ್ಲಿ ಆ ನಗರದ ಮಗ್ಗುಲಿನ ಲ ಬೂರ್ಜೆಯಲ್ಲಿ ಸರಿಸುಮಾರು 200 ರಾಷ್ಟ್ರಗಳು ಸೇರಿ, ಭೂಮಿಯ ತಾಪವೇರದಂತೆ ತಡೆಯಲು ಒಪ್ಪಂದ ಮಾಡಿಕೊಂಡವು. ಯಾವ ದೇಶ ಎಷ್ಟು ಹೊಗೆ ತಗ್ಗಿಸಬೇಕೆಂಬುದನ್ನು ಆಯಾ ದೇಶವೇ ಬರೆದುಕೊಡಬೇಕು, ತಪ್ಪಿದರೆ ದಂಡವಿಲ್ಲ. ದೇಶದ ಉತ್ಪತ್ತಿಯ ಒಂದೊಂದು ರೂಪಾಯಿಗೆ ಹೊಮ್ಮುವ ಹಸುರುಮನೆ ಅನಿಲವನ್ನು 2005ರ ಮಟ್ಟಕ್ಕಿಂತ 2030ರೊಳಗೆ ಶೇಕಡ 33ರಿಂದ 35ರಷ್ಟು ಇಳಿಸುವುದಾಗಿ ಭಾರತವು ನುಡಿಯಿತು. 2022ರಲ್ಲಿ ಅದನ್ನು 45ಕ್ಕೆ ಏರಿಸಿತು. ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧವು ಕಲ್ಲಿದ್ದಲು, ತೈಲ, ಅನಿಲಗಳ ಹೊರತಾಗಿರಬೇಕೆಂಬ ಮಾತು 2025ರಲ್ಲೇ ಕೈಗೂಡಿತು. ಆದರೆ ಮನೆಯಲ್ಲಿ ಎರಡು ಒಲೆಗಳಿದ್ದ ಮಾತ್ರಕ್ಕೆ ಎರಡೂ ಸಮನಾಗಿ ಉರಿಯುವುದಿಲ್ಲವಷ್ಟೆ. ಹೊತ್ತು ಮುಳುಗಿದ ಮೇಲೆ ಹೆಚ್ಚಾಗಿ ಉರಿಯುವುದು ಕಲ್ಲಿದ್ದಲಿನ ಒಲೆಯೇ.

ಇಲ್ಲಿಯ ನೆಲವನ್ನು ಕೊಂಡಿಲ್ಲ; ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾಯಿತು. ಜಗಲಿಯಲ್ಲಿ ಕುಳಿತಿದ್ದ ವೃದ್ಧರೊಬ್ಬರು, "ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದೆವು ಸ್ವಾಮಿ. ಈಗ ಮಳೆ ಬಂದರೂ ಸರಿ, ಬಾರದಿದ್ದರೂ ಸರಿ" ಎಂದು ನಕ್ಕರು. ಆ ನಗುವನ್ನು ನಾವು ಅಲ್ಲಗಳೆಯೆವು.

ಬೇಲಿಯಂಚಿನಲ್ಲಿ ಮೇಕೆ ಕಾಯುತ್ತಿದ್ದ ಹೆಂಗಸಿಗೆ ಭೂಮಿಯಿರಲಿಲ್ಲ. ಹಿಂದೆ ಇದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದಳು, ಕಾಯಿ ಬಿಡಿಸುತ್ತಿದ್ದಳು. "ಹೊಲ ಇದ್ದೋರಿಗೆ ದುಡ್ಡು ಬಂತು. ಕೂಲಿಯೋರಿಗೆ ಏನು ಬಂತು, ಸ್ವಾಮಿ?" ಎಂದಳು. ಪ್ಯಾರಿಸ್ಸಿನ ಒಪ್ಪಂದದ ಪೀಠಿಕೆಯಲ್ಲಿ, ದುಡಿಯುವವರಿಗೆ ಈ ಬದಲಾವಣೆಯು ನ್ಯಾಯವಾಗಿರಬೇಕೆಂಬ ಮಾತು ಉಂಟು. ಅದನ್ನು ಆಕೆಗೆ ಹೇಳಲು ನಮಗೆ ನಾಲಗೆ ಏಳಲಿಲ್ಲ. ಅಷ್ಟರಲ್ಲಿ ಮರಿಯೊಂದು ಬೇಲಿಯೊಳಗೆ ನುಸುಳಿತು. ಕೋಲು ಹಿಡಿದು ಆಕೆ ಅದರ ಹಿಂದೆ ಓಡಿದಳು.