ಕಿಟಕಿಯಿಲ್ಲದ ಕೋಣೆಗೆ ಕಡಲು

ಜರ್ಮನಿಯ ಪಾಪೆನ್‌ಬುರ್ಗ್ ಕಡಲತೀರದ ಊರಲ್ಲ. ಸಮುದ್ರದಿಂದ ಹತ್ತಾರು ಕಿಲೋಮೀಟರ್ ಒಳಗೆ, ಎಮ್ಸ್ ನದಿಯ ದಂಡೆಯಲ್ಲಿದೆ. ಅಲ್ಲಿನ ಮೇಯರ್ ವೆರ್ಫ್ಟ್ ಕಂಪನಿ 1795ರಿಂದ ಹಡಗು ಕಟ್ಟುತ್ತಿದೆ. ನಾವು ಸಿಂಗಪುರದಲ್ಲಿ ಹತ್ತಿದ 'ಆಂಥೆಮ್ ಆಫ್ ದ ಸೀಸ್' ಹುಟ್ಟಿದ್ದೂ ಅಲ್ಲೇ, 2015ರಲ್ಲಿ. ಉದ್ದ ಸುಮಾರು 348 ಮೀಟರ್. ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ ನಾಲ್ಕು ಸಾವಿರಕ್ಕೂ ಹೆಚ್ಚು ಪ್ರಯಾಣಿಕರು. ಪುಣೆಯ ನಮ್ಮ ಸೊಸೈಟಿಯಂಥ ಐದಾರು ಸೊಸೈಟಿಗಳು ಒಟ್ಟಿಗೆ ತೇಲಿದ ಹಾಗೆ.

ಇಂಥ ಹಡಗನ್ನು ತಳದಿಂದ ಮೇಲಕ್ಕೆ ಅಂತಸ್ತಿನ ಮೇಲೆ ಅಂತಸ್ತು ಏರಿಸುತ್ತಾ ಕಟ್ಟುತ್ತಾರೆ ಎಂದುಕೊಳ್ಳುತ್ತೇವೆ. ಹಾಗಲ್ಲ. ಕೊಳವೆ, ತಂತಿಗಳ ಸಮೇತ ದೊಡ್ಡ ದೊಡ್ಡ ಉಕ್ಕಿನ ತುಂಡುಗಳನ್ನು ಮೊದಲೇ ಬೆಸೆದಿಟ್ಟುಕೊಂಡು, ಮಳೆ ಹಿಮ ತಾಗದ ಭಾರೀ ಸೂರಿನಡಿ ಕ್ರೇನಿನಿಂದ ಎತ್ತಿ ಜೋಡಿಸುತ್ತಾರೆ. ಕೋಣೆಗಳೂ ಅಷ್ಟೇ. ಬಚ್ಚಲು, ಕನ್ನಡಿ, ದೀಪ ಎಲ್ಲ ಕೂತ ಪೆಟ್ಟಿಗೆಗಳಾಗಿ ಬಂದು ಚೌಕಟ್ಟಿನೊಳಗೆ ಜಾರಿಕೊಳ್ಳುತ್ತವೆ. (ನಮ್ಮ ಆಫೀಸಿನಲ್ಲಿ ಮಾಡ್ಯೂಲ್ ಮಾಡ್ಯೂಲ್ ಎನ್ನುತ್ತಲೇ ಇರುತ್ತೇವೆ. ನಮ್ಮವು ಇಷ್ಟು ಸಲೀಸಾಗಿ ಕೂರುವುದಿಲ್ಲ.) ಎಂಜಿನ್, ಟ್ಯಾಂಕುಗಳಂಥ ಭಾರವೆಲ್ಲ ತಳಕ್ಕೆ. ಮಕ್ಕಳ ಡಿಕ್ಕಿ ಕಾರು, ಈಜುಕೊಳ ಎಲ್ಲ ಮೇಲಕ್ಕೆ.

ಮುಗಿದ ಮೇಲೆ ಸಮುದ್ರ ಸೇರಿಸುವುದೇ ಒಂದು ಮೆರವಣಿಗೆ. ನದಿಯಲ್ಲಿ ಅಷ್ಟು ಆಳವಿಲ್ಲ. ಗಾಂಡರ್ಸುಮ್‌ನಲ್ಲಿರುವ ಗೇಟುಗಳನ್ನು ಮುಚ್ಚಿ ನೀರು ಏರಿಸುತ್ತಾರೆ. ಹಿಡಿತ ಚೆನ್ನಾಗಿ ಸಿಗಲೆಂದು ಹಡಗು ಹಿಂದುಮುಂದಾಗಿ, ಹೊಲಗಳ ನಡುವೆ ನಿಧಾನವಾಗಿ ಸಾಗುತ್ತದೆ. ಜನ ದಂಡೆಯಲ್ಲಿ ತೇರು ನೋಡಲು ನಿಂತಂತೆ ನಿಂತಿರುತ್ತಾರೆ.

ಇಷ್ಟೆಲ್ಲ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಹಡಗು ಅಗಲವಾದಷ್ಟೂ ನಡುವಿನ ಕೋಣೆಗಳಿಗೆ ಕಿಟಕಿ ಇಲ್ಲ. ಅವೇ ಅಗ್ಗದವು, ನಮ್ಮಂಥವರ ಬಜೆಟ್ಟಿಗೆ ಸಿಗುವವು. ಈ ಹಡಗಿನ ವಿನ್ಯಾಸಕಾರರು ಅಂಥ ಕೋಣೆಯ ಗೋಡೆಗೆ ನೆಲದಿಂದ ಚಾವಣಿಯವರೆಗೆ ಪರದೆ ಕೂರಿಸಿ, ಹೊರಗಿನ ಕ್ಯಾಮೆರಾ ಕಾಣುವ ಕಡಲನ್ನು ಆಗಿಂದಾಗಲೇ ತೋರಿಸುತ್ತಾರೆ. ಪರದೆಯಲ್ಲೇ ಒಂದು ಸುಳ್ಳು ಕಟಕಟೆಯೂ ಇದೆ. ಚಿತ್ರಕ್ಕೂ ಹಡಗಿನ ಓಲಾಟಕ್ಕೂ ತಾಳೆ ತಪ್ಪಿದರೆ ತಲೆ ಸುತ್ತುತ್ತದೆಯಲ್ಲ, ಕೆಲಸ ಸುಲಭದ್ದಲ್ಲ.

ಅಮ್ಮನಿಗೆ ಮುಚ್ಚಿದ ಕೋಣೆಯೆಂದರೆ ಉಸಿರು ಕಟ್ಟುತ್ತದೆ. ಪುಣೆಯ ಚಳಿಯಲ್ಲೂ ಮಂಚದ ಪಕ್ಕದ ಕಿಟಕಿ ತೆರೆದೇ ಇರಬೇಕು. ಈ ಪರದೆಯನ್ನು ನಂಬಿಯೇ ನಾನು ಒಳಕೋಣೆ ಬುಕ್ ಮಾಡಿದ್ದು.

"ಇದು ಈಗಿಂದೋ, ಸಿನಿಮಾನೋ?" ಎಂದಳು ಅಮ್ಮ. ದೂರದಲ್ಲೊಂದು ಸರಕು ಹಡಗು ಕಾಣುತ್ತಿತ್ತು. ಮೇಲೆ ಹೋಗಿ ನೋಡಿ ಬರಲು ಮಗಳನ್ನು ಓಡಿಸಿದಳು. ಇದೆ ಎಂದು ವರದಿ ಬಂತು. ಅಮ್ಮ ಪರದೆಯ ಮೇಲೆ ಅಂಗೈ ಇಟ್ಟು, "ಎಲ್ಲ ಸರಿ, ಗಾಳಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಬೆಲೆಗೆ ಇದು ಜಾಣ ಉಪಾಯವೆಂದು ಈಗಲೂ ಅನ್ನುತ್ತೇನೆ. ಆದರೆ ಪರದೆ ಕಣ್ಣಿಗೆ ಮಾತ್ರ ಕಿಟಕಿ.

ರಾತ್ರಿ ಹನ್ನೊಂದರವರೆಗೂ ಅಮ್ಮ ಡೆಕ್ಕಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂರುತ್ತಿದ್ದಳು. ಊಟದ ಹಾಲ್‌ನಲ್ಲಿ ಬಡಿಸುವ ಮಂಗಳೂರಿನ ಹುಡುಗನೊಬ್ಬ ಕನ್ನಡ ಕೇಳಿ ಮಾತಿಗೆ ನಿಂತ. "ನಿನ್ನ ಕೋಣೆಗೆ ಕಿಟಕಿ ಇದೆಯೇನಪ್ಪಾ?" ಎಂದು ಕೇಳಿದಳು.

"ನಮ್ಮದು ಕೆಳಗಲ್ವಾ ಅಮ್ಮಾ, ಕಿಟಕಿಯೂ ಇಲ್ಲ, ಟೀವಿ ಗೋಡೆಯೂ ಇಲ್ಲ. ಮಲಗಲಿಕ್ಕೆ ಮಾತ್ರ ಹೋಗೋದು," ಎಂದು ನಕ್ಕ.

ಮರುದಿನ ಅಮ್ಮ ಪುಣೆಯಿಂದ ತಂದಿದ್ದ ಚಕ್ಕುಲಿ ಡಬ್ಬಿಯನ್ನು ಊಟದ ಹಾಲ್‌ಗೆ ಹಿಡಿದುಕೊಂಡು ಬಂದಳು.